ಮನೆಗೆಲಸದ ಮೇರೆ

ಮಕ್ಕಳು ಮನೆಯ ಕೆಲಸದಲ್ಲಿ ಕೈಜೋಡಿಸಬೇಕೆಂಬ ವಿಷಯದಲ್ಲಿ ನಮ್ಮ ಸಂಸಾರಗಳಲ್ಲಿ ಭಿನ್ನಾಭಿಪ್ರಾಯವಿಲ್ಲ. ಉಂಡ ತಟ್ಟೆಯನ್ನು ತೊಳೆದಿಡುವುದು, ಮಲಗೆದ್ದ ಹಾಸಿಗೆಯನ್ನು ಸುತ್ತಿಡುವುದು, ಹಿತ್ತಿಲ ಬಳ್ಳಿಗೆ ನೀರು ಹನಿಸುವುದು, ಮೇದು ಬಂದ ಕರುವನ್ನು ಗೂಟಕ್ಕೆ ಕಟ್ಟುವುದು, ಅಜ್ಜಿಗೆ ಎಲೆಯಡಕೆ ಕುಟ್ಟಿಕೊಡುವುದು, ಇಂಥವನ್ನು ಕಲಿಯದೆ ಬೆಳೆದ ಮಗುವಿನ ಶಿಕ್ಷಣದಲ್ಲಿ ಏನೋ ಒಂದು ಊನ ಉಳಿಯಿತೆಂದು ಹಿರಿಯರು ತಿಳಿಯುತ್ತಿದ್ದುದು ಸರಿಯಾದ ತಿಳಿವಳಿಕೆಯೇ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ದೇಶದ ಮುಂದಿಟ್ಟ ನಯೀ ತಾಲೀಮ್ ಶಿಕ್ಷಣಕ್ರಮವು ಕೈಕಸಬನ್ನು ವಿದ್ಯೆಯ ಕೇಂದ್ರದಲ್ಲಿರಿಸಿದಾಗ ಅದರ ಹಿಂದಿದ್ದುದೂ ಇದೇ ಶ್ರದ್ಧೆ. ಆದರೆ ಈ ಸದ್ಭಾವನೆಯ ಆಶ್ರಯದಲ್ಲಿಯೇ, ‘ನಮ್ಮ ಮನೆಯ ಕೆಲಸವನ್ನು ನಮ್ಮ ಮಗು ಮಾಡಿದರೆ ಯಾರಿಗೇನು ನಷ್ಟ?’ ಎಂಬ ಒಂದು ಮಾತಿನ ಬಲದಿಂದ, ಎಷ್ಟೋ ಮಕ್ಕಳ ನಿದ್ರೆಯೂ ಆಟವೂ ಪಾಠವೂ ಕ್ರಮಕ್ರಮವಾಗಿ ಕಳೆದುಹೋಗುತ್ತಿರುವುದನ್ನು ಕಂಡವರು, ಕಲಿಕೆಯಾಗಿದ್ದ ಕೆಲಸ ಯಾವ ಘಟ್ಟದಲ್ಲಿ ದುಡಿಮೆಯಾಗಿ ಮಾರ್ಪಡುತ್ತದೆಂಬುದನ್ನು ವಿಚಾರಿಸದೆ ಇರಲಾರರು. ತಂದೆತಾಯಿಗಳಿಗೂ, ಉಪಾಧ್ಯಾಯರಿಗೂ, ಪಕ್ಕದ ಮನೆಯ ಮಗುವನ್ನು ನೋಡಿ ಕಳವಳಪಟ್ಟರೂ ಏನು ಮಾಡಬೇಕೆಂದು ತೋಚದೆ ಸುಮ್ಮನಾಗುವ ನೆರೆಹೊರೆಯವರಿಗೂ ಕೆಲವು ಅಳತೆಗೋಲುಗಳನ್ನು ಒದಗಿಸುವುದು ಈ ಲೇಖನದ ಉದ್ದೇಶ.

ಕೂಲಿ ಪಡೆದರೆ ಮಾತ್ರ ಬಾಲಕಾರ್ಮಿಕ, ಅನ್ಯರ ಮನೆಯಲ್ಲಿ ದುಡಿದರೆ ಮಾತ್ರ ಶೋಷಣೆ ಎಂಬ ಭ್ರಮೆಯನ್ನು ಮೊದಲಿಗೆ ಬಿಡಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಯುನಿಸೆಫ್ ಸಂಸ್ಥೆಯೂ ಕೂಡಿ 2020ನೆಯ ವರ್ಷಕ್ಕೆ ಮಾಡಿದ ಅಂದಾಜಿನಂತೆ ಪ್ರಪಂಚದಲ್ಲಿದ್ದ ಬಾಲಕಾರ್ಮಿಕರು 16 ಕೋಟಿ. ಅವರಲ್ಲಿ ನೂರಕ್ಕೆ 72 ಮಂದಿ ದುಡಿಯುತ್ತಿದ್ದುದು ತಮ್ಮ ತಮ್ಮ ಕುಟುಂಬದೊಳಗೇ, ಅಂದರೆ ಮನೆಯ ಹೊಲದಲ್ಲಿ, ಮನೆಯ ಸಣ್ಣ ಉದ್ಯಮದಲ್ಲಿ. 2024ರ ಅಂದಾಜಿಗೆ ಒಟ್ಟು ಸಂಖ್ಯೆ 13 ಕೋಟಿ 80 ಲಕ್ಷಕ್ಕೆ ಇಳಿದುದು ಸಂತೋಷದ ಸಂಗತಿಯಾದರೂ, ಮನೆಯೆಂಬುದು ತನ್ನಷ್ಟಕ್ಕೆ ತಾನೇ ಮಗುವಿಗೆ ರಕ್ಷೆಯಾಗಲಾರದೆಂಬ ಪಾಠ ಮಾತ್ರ ಬದಲಾಗಿಲ್ಲ.

ನಮ್ಮ ಶಾಸನವೂ ಈ ಪಾಠವನ್ನು ನಿಧಾನವಾಗಿಯೇ ಕಲಿಯಿತು. 1986ರ ಬಾಲಕಾರ್ಮಿಕ ಕಾಯ್ದೆ ಕೆಲವು ಗೊತ್ತಾದ ಉದ್ಯೋಗಗಳಲ್ಲಿ ಮಾತ್ರ ಮಕ್ಕಳ ದುಡಿಮೆಯನ್ನು ನಿಷೇಧಿಸಿ, ಮನೆಯವರ ನೆರವಿನಿಂದ ನಡೆಯುವ ಕಾರ್ಯಾಗಾರಗಳನ್ನು ನಿಷೇಧದಿಂದ ಹೊರಗಿಟ್ಟಿತ್ತು. ನಿಷಿದ್ಧವಾದ ಕಸಬುಗಳ ಪಟ್ಟಿಯಲ್ಲಿ ಬೀಡಿ ಕಟ್ಟುವುದು ಮೊದಲಿಗೇ ಇದ್ದರೂ, ಜಗಲಿಯಲ್ಲಿ ತಾಯಿಯ ಪಕ್ಕದಲ್ಲಿ ಕುಳಿತು ಬೀಡಿಯ ತುದಿ ಮಡಚಿ ನೂಲು ಸುತ್ತುವ ಹುಡುಗಿಗೆ ಆ ಪಟ್ಟಿಯಿಂದ ಯಾವ ಪ್ರಯೋಜನವೂ ಆಗಲಿಲ್ಲ. 2016ರ ತಿದ್ದುಪಡಿಯು ಹದಿನಾಲ್ಕು ತುಂಬದ ಮಗುವನ್ನು ಯಾವ ಉದ್ಯೋಗದಲ್ಲಿಯೂ ತೊಡಗಿಸಕೂಡದೆಂದು ಸಾರಿತು. ಆದರೆ ಶಾಲೆಯ ವೇಳೆ ಮುಗಿದ ಮೇಲೆ ಅಥವಾ ರಜಾದಿನಗಳಲ್ಲಿ, ಅಪಾಯಕರವಲ್ಲದ ಕೆಲಸದಲ್ಲಿ, ಮಗು ತನ್ನ ಕುಟುಂಬಕ್ಕೆ ನೆರವಾಗುವುದಕ್ಕೆ ಅವಕಾಶವನ್ನು ಉಳಿಸಿತು. ಈ ಅವಕಾಶ ಎಷ್ಟು ವಿಶಾಲವೆಂಬುದನ್ನು 2017ರ ನಿಯಮಗಳು ನಿರ್ಣಯಿಸಿವೆ. ಶಾಲೆಯ ಹೊತ್ತಿನಲ್ಲಿ ನೆರವು ಕೂಡದು, ಸಂಜೆ ಏಳು ಗಂಟೆಯಿಂದ ಬೆಳಗ್ಗೆ ಎಂಟು ಗಂಟೆಯವರೆಗೆ ಕೂಡದು, ವಿಶ್ರಾಂತಿಯ ಕಾಲವನ್ನು ಬಿಟ್ಟು ದಿನಕ್ಕೆ ಮೂರು ಗಂಟೆ ಮೀರಕೂಡದು, ಮನೆಪಾಠಕ್ಕೆ ಅಡ್ಡಿಯಾಗಕೂಡದು, ಬಿಡುವಿಲ್ಲದೆ ಮಾಡಿಸಿ ದಣಿಸಕೂಡದು, ಆ ನೆರವಿಗೆ ಪ್ರತಿಫಲವಿರಕೂಡದು. ಇವೆಲ್ಲಕ್ಕಿಂತ ಮುಖ್ಯವೆಂದು ನನಗೆ ತೋರುವ ಇನ್ನೊಂದು ಷರತ್ತು, ವಯಸ್ಕರೊಬ್ಬರು ಮಾಡಬೇಕಾದ ಕೆಲಸಕ್ಕೆ ಬದಲಿಯಾಗಿ ಮಗುವನ್ನು ನಿಲ್ಲಿಸಕೂಡದೆಂಬುದು.

ಈ ಕೊನೆಯ ಷರತ್ತೇ ಮೇರೆ ಯಾವುದೆಂಬುದನ್ನು ತೋರಿಸಿಕೊಡುತ್ತದೆ. ಇಂಥ ಕೆಲಸ ಮಕ್ಕಳದು, ಇಂಥದು ದೊಡ್ಡವರದು ಎಂದು ಕೆಲಸಗಳ ಹೆಸರನ್ನು ಪಟ್ಟಿ ಮಾಡುತ್ತ ಕುಳಿತರೆ ವಿವಾದ ಮುಗಿಯುವಂತಿಲ್ಲ. ಒಂದೇ ಕಸಪೊರಕೆ ಒಂದು ಮನೆಯಲ್ಲಿ ಶಿಕ್ಷಣದ ಸಾಧನ, ಇನ್ನೊಂದು ಮನೆಯಲ್ಲಿ ಬಂಧನ. ಆದುದರಿಂದ ತಂದೆತಾಯಿಗಳು ತಮ್ಮನ್ನು ತಾವು ಕೇಳಿಕೊಳ್ಳತಕ್ಕ ಪ್ರಶ್ನೆ, ‘ಇವತ್ತು ಮಗು ಈ ಕೆಲಸವನ್ನು ಮಾಡಲಿಲ್ಲವೆಂದರೆ ಮನೆಯಲ್ಲಿ ಏನು ನಿಂತುಹೋಗುತ್ತದೆ?’ ಎಂಬುದು. ಏನೂ ನಿಲ್ಲದೆ, ಅಮ್ಮನಿಗೆ ಹತ್ತು ನಿಮಿಷ ಹೆಚ್ಚಿಗೆ ಹಿಡಿದೀತು ಎಂಬುದೇ ಉತ್ತರವಾದರೆ ಅದು ನೆರವು. ಒಲೆ ಹೊತ್ತುವುದಿಲ್ಲ, ಕೂಸನ್ನು ಹಿಡಿಯುವವರಿಲ್ಲ, ಸಂಜೆಗೆ ಸಾಮಾನು ಒಪ್ಪಿಸಲಾಗುವುದಿಲ್ಲ, ಸಾಲದ ಕಂತು ತಪ್ಪುತ್ತದೆ ಎಂಬ ಉತ್ತರ ಬಂದರೆ, ಆ ಮಗು ಹೆಸರಿಗೆ ಮಗುವಾಗಿದ್ದು ವಸ್ತುತಃ ಮನೆಯ ದುಡಿಮೆಗಾರರಲ್ಲಿ ಒಬ್ಬನಾಗಿಬಿಟ್ಟಿದೆಯೆಂದೇ ತಿಳಿಯಬೇಕು.

ರಾಮನಗರ, ಶಿಡ್ಲಘಟ್ಟಗಳ ಸುತ್ತಿನ ಯಾವುದಾದರೊಂದು ರೇಷ್ಮೆ ಸಾಕಣೆಯ ಮನೆಯನ್ನು ತೆಗೆದುಕೊಂಡರೆ ಈ ಮಾರ್ಪಾಡು ಹೇಗೆ ನಡೆಯುತ್ತದೆಂಬುದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಹುಳು ಚಿಕ್ಕದಾಗಿರುವ ದಿನಗಳಲ್ಲಿ ಮನೆಯವರಿಗೆ ಅಷ್ಟೇನೂ ಆಯಾಸವಿಲ್ಲ. ಸಂಜೆ ಶಾಲೆಯಿಂದ ಬಂದ ಒಂಬತ್ತು ವರ್ಷದ ಹುಡುಗ ಅಪ್ಪನ ಪಕ್ಕದಲ್ಲಿ ನಿಂತು ಅರ್ಧ ಗಂಟೆ ಸೊಪ್ಪು ಉದುರಿಸುತ್ತಾನೆ. ಜ್ವರಕ್ಕೆ, ಅಂದರೆ ಪೊರೆ ಬಿಡುವುದಕ್ಕೆ, ಕೂತ ಹುಳು ಮೇವು ಬಿಟ್ಟು ತಲೆಯೆತ್ತಿಕೊಂಡು ನಿಶ್ಚಲವಾಗಿರುವುದನ್ನೂ, ಜ್ವರ ಎದ್ದ ಮೇಲೆ ಹಳೆಯ ಚರ್ಮವನ್ನು ಕಳಚಿ ಹೊಸ ಹಸಿವಿನಿಂದ ಸೊಪ್ಪಿಗೆ ಬಾಯಿ ಹಾಕುವುದನ್ನೂ ಕಣ್ಣಾರೆ ಕಾಣುತ್ತಾನೆ. ಪಠ್ಯಪುಸ್ತಕದ ನಾಲ್ಕು ಪುಟಗಳು ಕಲಿಸಲಾರದುದನ್ನು ಈ ಅರ್ಧ ಗಂಟೆ ಕಲಿಸುತ್ತದೆ; ಅದನ್ನು ಬಾಲಕಾರ್ಮಿಕ ಪದ್ಧತಿಯೆಂದು ಕರೆಯುವವರ ಜೊತೆ ನಾನು ನಿಲ್ಲಲಾರೆ. ಆದರೆ ನಾಲ್ಕನೆಯ ಜ್ವರ ಎದ್ದ ಮೇಲೆ ಮನೆಯ ಚಿತ್ರವೇ ಬೇರೆ. ಇಡೀ ಬೆಳೆಗೆ ಬೇಕಾಗುವ ಸೊಪ್ಪಿನ ಬಹುಭಾಗವನ್ನು ಹುಳು ತಿನ್ನುವುದು ಈ ಕೊನೆಯ ವಾರದಲ್ಲಿಯೇ. ಬೆಳಗಿನ ಜಾವಕ್ಕೆ ಒಮ್ಮೆ, ಮಧ್ಯಾಹ್ನಕ್ಕೊಮ್ಮೆ, ರಾತ್ರಿ ಮಲಗುವ ಮುನ್ನ ಮತ್ತೊಮ್ಮೆ ಸೊಪ್ಪು ಬೀಳಲೇಬೇಕು. ತೋಟದಿಂದ ಹೊರೆಗಳು ಬರುತ್ತಲೇ ಇರಬೇಕು. ಅನಂತರ ಹುಳು ಹಣ್ಣಾಗಿ, ಮೈ ಹೊಳಪೇರಿ ಪಾರದರ್ಶಕವಾದಾಗ, ಅವುಗಳನ್ನು ಒಂದೊಂದಾಗಿ ಆಯ್ದು, ಗೂಡು ಕಟ್ಟುವ ತಟ್ಟಿಯಾದ ಚಂದ್ರಿಕೆಗೆ ಬಿಡುವ ಕೆಲಸ ಒಂದೆರಡು ದಿನದೊಳಗೆ ಮುಗಿಯದಿದ್ದರೆ ತಿಂಗಳ ಶ್ರಮವೇ ವ್ಯರ್ಥ. ಚಿಕ್ಕ ಬೆರಳುಗಳು ಹುಳುವನ್ನು ನೋಯಿಸದೆ ಆಯುತ್ತವೆಂಬ ಮಾತು ಬೇರೆ ಇದೆ. ‘ಇವತ್ತೊಂದ್ ದಿನ ಬಿಟ್ಬಿಡಿ ಮೇಷ್ಟ್ರೇ, ಹುಳ ಹಣ್ಣಾಗವೆ’ ಎಂದು ತಂದೆ ಕೇಳಿಕೊಳ್ಳುವುದು ಇಂಥ ದಿನದಲ್ಲಿಯೇ.

ಆ ತಂದೆಯ ಕಷ್ಟವನ್ನು ಅರಿಯದವರು ಅವನಿಗೆ ಬುದ್ಧಿ ಹೇಳುವುದಕ್ಕೆ ಅರ್ಹರಲ್ಲ. ಆಳಿನ ಕೂಲಿ ಕೊಡಲು ಕೈಯಲ್ಲಿ ಹಣವಿಲ್ಲದಿರುವಾಗ ಮಗನ ಒಂದು ದಿನದ ಹಾಜರಾತಿ ಅವನ ಕಣ್ಣಿಗೆ ದೊಡ್ಡದಾಗಿ ಕಾಣದಿರುವುದು ಸಹಜ. ಹಾಗಿದ್ದರೂ ವರ್ಷಕ್ಕೆ ನಾಲ್ಕಾರು ಬೆಳೆ ತೆಗೆಯುವ ಮನೆಯಲ್ಲಿ ‘ಒಂದ್ ದಿನ’ ಎಂಬುದು ಪ್ರತಿ ಬೆಳೆಗೂ ಎರಡು ಮೂರು ದಿನವಾಗಿ, ಜಾವದ ನಿದ್ರೆ ಕೆಟ್ಟು ತರಗತಿಯಲ್ಲಿ ತೂಕಡಿಸುವ ಇನ್ನಷ್ಟು ದಿನಗಳು ಅದಕ್ಕೆ ಸೇರಿ, ಗುಣಾಕಾರ ಭಾಗಾಕಾರಗಳನ್ನು ಕಲಿಸಿದ ವಾರವೇ ಆ ಹುಡುಗನಿಗೆ ತಪ್ಪಿಹೋಗಿ, ಮುಂದಿನ ಗಣಿತವೆಲ್ಲ ಅವನಿಗೆ ಕತ್ತಲೆಯಾಗುತ್ತದೆ; ಕೊನೆಗೆ ‘ಅವನಿಗೆ ಓದು ಹತ್ತಲಿಲ್ಲ’ ಎಂಬ ಅಪವಾದವನ್ನೂ ಅವನೇ ಹೊರಬೇಕಾಗುತ್ತದೆ. ಈ ಮನೆಗೆ ಹೇಳಬಹುದಾದ ಪ್ರಾಯೋಗಿಕ ಮಾತುಗಳೆಂದರೆ, ಹುಳು ಹಣ್ಣಾಗುವ ದಿನಗಳನ್ನು ಮೊದಲೇ ಎಣಿಸಿ ನೆರೆಮನೆಯವರೊಡನೆ ಮುಯ್ಯಾಳಿನ ಏರ್ಪಾಡು ಮಾಡಿಕೊಳ್ಳುವುದು. ಬೆಳಗಿನ ಜಾವದ ಮತ್ತು ರಾತ್ರಿಯ ಮೇವಿಗೆ ಮಗುವನ್ನು ಎಬ್ಬಿಸದಿರುವುದು. ಸಾಕಣೆಯ ಮನೆಗೆ ಫಾರ್ಮಲಿನ್, ಬ್ಲೀಚಿಂಗ್ ಪುಡಿಗಳಿಂದ ಸೋಂಕು ತೆಗೆಯುವಾಗ ಮಕ್ಕಳನ್ನು ಆ ಕಡೆ ಸುಳಿಯಗೊಡದಿರುವುದು. ಗೂಡು ಮಾರುಕಟ್ಟೆಗೆ ಹೋದ ಮೇಲಿನ ಕಥೆ ಬೇರೆಯೇ ಆಗಿದೆ. ಕುದಿನೀರಿನ ಬಾಣಲೆಯ ಮುಂದೆ ನೂಲು ಬಿಚ್ಚುವಲ್ಲಿ, ಹುರಿ ಯಂತ್ರಗಳ ಸದ್ದಿನ ನಡುವೆ, ತಂದೆ ಪಡೆದ ಮುಂಗಡ ಸಾಲಕ್ಕೆ ಒತ್ತೆಯಾಗಿ ಮಕ್ಕಳು ದುಡಿಯುತ್ತಿದ್ದುದನ್ನು 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಕರ್ನಾಟಕವೂ ಸೇರಿದಂತೆ ಮೂರು ರಾಜ್ಯಗಳ ರೇಷ್ಮೆ ಉದ್ಯಮದ ವಿಷಯವಾಗಿ ವಿಸ್ತಾರವಾಗಿ ದಾಖಲಿಸಿತು. ಅಲ್ಲಿ ಮೇರೆಯನ್ನು ಹುಡುಕುವ ಪ್ರಶ್ನೆಯೇ ಏಳುವುದಿಲ್ಲ; ಜೀತಪದ್ಧತಿಯನ್ನು 1976ರ ಕಾಯ್ದೆಯೇ ರದ್ದು ಮಾಡಿದೆ.

ಹೊಲ ತೋಟಗಳ ದುಡಿಮೆಯಾದರೂ ಹೊರಗಿನವರ ಕಣ್ಣಿಗೆ ಬೀಳುತ್ತದೆ. ಅಡಿಗೆಮನೆಯ ದುಡಿಮೆ ಯಾರ ಲೆಕ್ಕಕ್ಕೂ ಸಿಕ್ಕುವುದಿಲ್ಲ. ಆದುದರಿಂದಲೇ ಬಾಲಕಾರ್ಮಿಕರನ್ನು ಎಣಿಸುವ ಅಂತರರಾಷ್ಟ್ರೀಯ ಕ್ರಮದಲ್ಲಿ ಮನೆಗೆಲಸಕ್ಕೂ ಒಂದು ಮಿತಿಯನ್ನು ಇಟ್ಟಿದ್ದಾರೆ: ಐದರಿಂದ ಹದಿನಾಲ್ಕು ವರ್ಷದೊಳಗಿನ ಮಗು ವಾರಕ್ಕೆ 21 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಮನೆಗೆಲಸ ಮಾಡಿದರೆ ಅದನ್ನು ದುಡಿಮೆಯೆಂದೇ ಎಣಿಸುತ್ತಾರೆ. ಹೀಗೆ ಎಣಿಸಿದಾಗ ಬಾಲಕಾರ್ಮಿಕರಲ್ಲಿ ಹುಡುಗರಿಗೂ ಹುಡುಗಿಯರಿಗೂ ನಡುವೆ ಕಾಣುತ್ತಿದ್ದ ಅಂತರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತೆಂದು 2020ರ ಅಂದಾಜು ತಿಳಿಸುತ್ತದೆ. ಹುಡುಗಿಯರು ಕಡಿಮೆ ದುಡಿಯುತ್ತಿರಲಿಲ್ಲ. ಅವರ ದುಡಿಮೆಯನ್ನು ನಾವು ಎಣಿಸುತ್ತಿರಲಿಲ್ಲ. ನಮ್ಮ ನಿಯಮದ ದಿನಕ್ಕೆ ಮೂರು ಗಂಟೆಯನ್ನು ಏಳು ದಿನಕ್ಕೆ ಗುಣಿಸಿದರೆ ಬರುವುದೂ ಸರಿಯಾಗಿ 21 ಗಂಟೆಯೇ ಎಂಬುದನ್ನು ಗಮನಿಸಬೇಕು. ಎಂದರೆ ಮೂರು ಗಂಟೆ ಎಂಬುದು ಕೊಟ್ಟೇ ತೀರಬೇಕಾದ ಪಾಲಲ್ಲ, ಅಪಾಯದ ಅಂಚು.

ಒಂದು ವಾರ ಮನೆಯ ಕ್ಯಾಲೆಂಡರಿನಲ್ಲಿ ಮಗಳ ಕೆಲಸವನ್ನು ಗಂಟೆಗಳಲ್ಲಿ ಬರೆದಿಡಿ. ಬೆಳಗ್ಗೆ ನೀರು ಹಿಡಿದದ್ದು, ಅಂಗಳ ಸಾರಿಸಿದ್ದು, ತಮ್ಮನಿಗೆ ಸ್ನಾನ ಮಾಡಿಸಿದ್ದು, ಸಂಜೆ ಪಾತ್ರೆ ತಿಕ್ಕಿದ್ದು, ರೊಟ್ಟಿಗೆ ಕೈ ಹಚ್ಚಿದ್ದು, ಎಲ್ಲವೂ ಅದರಲ್ಲಿ ಬರಲಿ. ಪಕ್ಕದಲ್ಲಿಯೇ ಮಗನ ಗಂಟೆಗಳನ್ನೂ ಬರೆಯಿರಿ. ಈ ಎರಡು ಸಾಲುಗಳನ್ನು ಒಟ್ಟಿಗೆ ನೋಡಿದ ಮೇಲೆ ಹೆಚ್ಚಿನ ವ್ಯಾಖ್ಯಾನ ಬೇಕಾಗುವುದಿಲ್ಲ. ಅನಂತರ ಹೊರೆಯನ್ನು ಹಂಚುವಾಗ ವಯಸ್ಸನ್ನೂ ದೇಹಬಲವನ್ನೂ ನೋಡಬೇಕು. ಹದಿನೈದು ಲೀಟರು ಹಿಡಿಯುವ ಕೊಡದಲ್ಲಿ ಕೊಡದ ತೂಕವನ್ನು ಬಿಟ್ಟು ನೀರೇ ಹದಿನೈದು ಕಿಲೋ. ಹತ್ತು ವರ್ಷದ ಹುಡುಗಿಯ ಮೈತೂಕದ ಅರ್ಧದಷ್ಟನ್ನು ಆಕೆಯ ಸೊಂಟದ ಮೇಲೆ ದಿನಕ್ಕೆ ಹತ್ತು ಸಲ ಹೊರಿಸುವುದು ಯಾವ ದೃಷ್ಟಿಯಿಂದಲೂ ಸಂಸ್ಕಾರವೆನಿಸದು. ಚಿಕ್ಕ ಬಿಂದಿಗೆ ಕೊಡಿ, ಒಂದೆರಡು ಸಲಕ್ಕೆ ಸಾಕು ಮಾಡಿ. ಗಂಜಿ ಬಸಿಯುವುದು, ಕುದಿಯುವ ಸಾರಿನ ಪಾತ್ರೆಯನ್ನು ಇಳಿಸುವುದು, ಮೇವು ಕತ್ತರಿಸುವ ಯಂತ್ರಕ್ಕೆ ಕಡ್ಡಿ ಕೊಡುವುದು, ಬೆನ್ನಿಗೆ ಡಬ್ಬ ಕಟ್ಟಿಕೊಂಡು ಬೆಳೆಗೆ ಔಷಧಿ ಸಿಂಪಡಿಸುವುದು, ಒದ್ದೆಯಾದ ಹಸಿ ಹೊಗೆಸೊಪ್ಪನ್ನು ಮುರಿಯುವುದು, ಇವು ‘ಸ್ವಲ್ಪ ಹೊತ್ತು ಮಾತ್ರ’ ಆದರೂ ಮಕ್ಕಳಿಗೆ ಸಲ್ಲವು. ಹೊಗೆಸೊಪ್ಪಿನ ನಿಕೋಟಿನ್ ಒದ್ದೆ ಎಲೆಯಿಂದ ನೇರವಾಗಿ ಚರ್ಮದೊಳಕ್ಕೆ ಇಳಿದು ವಾಂತಿ, ತಲೆಸುತ್ತು ತರುತ್ತದೆಂಬುದು ಅನೇಕ ಬೆಳೆಗಾರರಿಗೇ ತಿಳಿಯದು.

ಹಿರಿಯ ಮಗಳು ಶಾಲೆ ಬಿಡುವುದಕ್ಕೆ ಬಹುಮಟ್ಟಿಗೆ ಕಾರಣವಾಗುವುದು ಕೊನೆಯ ಕೂಸು. ತಾಯಿ ಕೂಲಿಗೆ ಹೊರಟರೆ ಕೂಸನ್ನು ಎತ್ತಿಕೊಳ್ಳುವವರು ಯಾರು? ಇದಕ್ಕೆ ಉಪದೇಶದಿಂದ ಪರಿಹಾರವಿಲ್ಲ, ಏರ್ಪಾಡಿನಿಂದ ಉಂಟು. ಮೂರು ತುಂಬಿದ ಮಗುವಿಗೆ ಅಂಗನವಾಡಿ ಇದೆ. ಅದಕ್ಕಿಂತ ಚಿಕ್ಕ ಮಕ್ಕಳಿಗಾಗಿ, ಮುಖ್ಯವಾಗಿ ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಅನುಕೂಲಕ್ಕೆ, ಕರ್ನಾಟಕ ಸರಕಾರ 2023ರಲ್ಲಿ 4000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ಗಳನ್ನು ಘೋಷಿಸಿತು. ನಿಮ್ಮ ಪಂಚಾಯಿತಿಯಲ್ಲಿ ಅದು ತೆರೆದಿದೆಯೆ, ತಾಯಂದಿರ ಕೆಲಸದ ವೇಳೆಗೆ ಹೊಂದುವಂತೆ ನಡೆಯುತ್ತಿದೆಯೆ ಎಂದು ಹೋಗಿ ವಿಚಾರಿಸಿರಿ. ಪಂಚಾಯಿತಿಗಳು ವರ್ಷಕ್ಕೊಮ್ಮೆ ನಡೆಸಬೇಕಾದ ಮಕ್ಕಳ ಗ್ರಾಮಸಭೆಯಲ್ಲಿ ಈ ಪ್ರಶ್ನೆಯನ್ನು ಮಕ್ಕಳೇ ಎತ್ತುವಂತೆ ಉಪಾಧ್ಯಾಯರು ಅವರನ್ನು ಸಿದ್ಧಪಡಿಸಬಹುದು.

ಇನ್ನು ಪಟ್ಟಣದ ಮನೆಗಳಲ್ಲಿ ‘ನೆಂಟರ ಹುಡುಗಿ, ಓದಿಸೋಕೆ ಕರ್ಕೊಂಡು ಬಂದಿದ್ದೀವಿ’ ಎಂಬ ಮಾತಿನ ಹಿಂದಿರುವ ಮಕ್ಕಳ ವಿಚಾರ. ಮನೆಯಾಳಾಗಿ ಮಕ್ಕಳನ್ನು ಇಟ್ಟುಕೊಳ್ಳುವುದನ್ನೂ ಹೋಟೆಲು, ಚಹಾದಂಗಡಿಗಳಲ್ಲಿ ದುಡಿಸುವುದನ್ನೂ 2006ರ ಅಕ್ಟೋಬರ್ 10ರಿಂದಲೇ ನಿಷೇಧಿಸಲಾಗಿದೆ. ನೆಂಟಸ್ತಿಕೆಯ ನೆಪಕ್ಕೂ ಕಾನೂನು ಹೆಚ್ಚು ಎಡೆಗೊಟ್ಟಿಲ್ಲ. ಮಗುವಿನ ತಂದೆತಾಯಿ, ಒಡಹುಟ್ಟಿದವರು, ತಂದೆತಾಯಿಗಳ ಒಡಹುಟ್ಟಿದವರು, ಇಷ್ಟೇ ಬಾಲಕಾರ್ಮಿಕ ಕಾಯ್ದೆಯ ಕಣ್ಣಿಗೆ ಕುಟುಂಬ. ದೊಡ್ಡಪ್ಪನ ಷಡ್ಡಕನ ಮನೆಯೂ ಊರಿನ ಪರಿಚಯದವರ ಮನೆಯೂ ಅದರೊಳಗೆ ಬರುವುದಿಲ್ಲ. ನಿಜವಾಗಿ ಓದಿಸುವ ಉದ್ದೇಶದಿಂದ ಬಡನೆಂಟರ ಮಗುವನ್ನು ಸಾಕಿ ಉದ್ಧರಿಸಿದ ಪುಣ್ಯವಂತರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ, ಅವರ ವಿಷಯದಲ್ಲಿ ನನಗೆ ಗೌರವವಿದೆ. ಎರಡನ್ನೂ ಬೇರ್ಪಡಿಸಿ ನೋಡುವುದು ಕಷ್ಟವಲ್ಲ. ಹುಡುಗಿಯ ಹೆಸರು ಯಾವ ಶಾಲೆಯ ಹಾಜರಿ ಪುಸ್ತಕದಲ್ಲಿದೆ, ಮನೆಯ ಮಕ್ಕಳ ಜೊತೆಯಲ್ಲಿಯೇ ಉಣ್ಣುತ್ತಾಳೆಯೆ, ರಾತ್ರಿ ಎಲ್ಲಿ ಮಲಗುತ್ತಾಳೆ, ಹಬ್ಬಕ್ಕೆ ಊರಿಗೆ ಹೋಗಿ ಎಷ್ಟು ಕಾಲವಾಯಿತು, ತಾಯಿಯೊಡನೆ ಫೋನಿನಲ್ಲಿ ಒಬ್ಬಳೇ ಮಾತಾಡಲು ಬಿಡುತ್ತಾರೆಯೆ ಎಂಬುದನ್ನು ತಿಳಿದರೆ ಸಾಕು.

ಮಕ್ಕಳ ಕೆಲಸದ ವಿಷಯದಲ್ಲಿ ಆಳವಾಗಿ ಶ್ರಮಿಸಿದವರಲ್ಲಿಯೇ ಎರಡು ಪಕ್ಷಗಳಿವೆ. ಆಗ ಆಂಧ್ರದಲ್ಲಿದ್ದ ರಂಗಾರೆಡ್ಡಿ ಜಿಲ್ಲೆಯ ಹಳ್ಳಿಗಳಲ್ಲಿ ಎಂ.ವಿ. ಫೌಂಡೇಶನ್ ಮೂಲಕ ಕೆಲಸ ಮಾಡಿ 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಶಾಂತಾ ಸಿನ್ಹಾ ಅವರದು, ಶಾಲೆಯಿಂದ ಹೊರಗಿರುವ ಪ್ರತಿಯೊಂದು ಮಗುವೂ ಬಾಲಕಾರ್ಮಿಕನೇ ಎಂಬ ನಿಷ್ಠುರ ಸಿದ್ಧಾಂತ. ನಮ್ಮಲ್ಲಿ 1990ರಲ್ಲಿ ದುಡಿಯುವ ಮಕ್ಕಳೇ ಕಟ್ಟಿಕೊಂಡ ಭೀಮ ಸಂಘವಾದರೋ, ಎಲ್ಲ ಕೆಲಸವೂ ಕೇಡಲ್ಲ, ಕೇಡಾದ ಕೆಲಸ ಯಾವುದೆಂದು ನಿರ್ಣಯಿಸುವಾಗ ನಮ್ಮ ಮಾತನ್ನೂ ಕೇಳಿ ಎಂದು ಹೇಳಿತು. ಶಾಲೆಯ ವಿಷಯದಲ್ಲಿ ನಾನು ಮೊದಲನೆಯ ಪಕ್ಷದವನು. ಆರರಿಂದ ಹದಿನಾಲ್ಕರವರೆಗಿನ ಶಿಕ್ಷಣವನ್ನು 2010ರ ಏಪ್ರಿಲ್ 1ರಿಂದ ಕಾಯ್ದೆಯೇ ಮಗುವಿನ ಹಕ್ಕನ್ನಾಗಿ ಮಾಡಿರುವಾಗ ಅದರಲ್ಲಿ ಚೌಕಾಶಿಗೆ ಎಡೆಯಿಲ್ಲ. ಆದರೆ ಶಾಲೆಗೆ ಹೋಗಿಬಂದ ಮೇಲಿನ ಮನೆಗೆಲಸದ ವಿಷಯದಲ್ಲಿ ಭೀಮ ಸಂಘದ ಮಕ್ಕಳ ಮಾತನ್ನು ಪ್ರತಿ ಮನೆಯೂ ಪಾಲಿಸತಕ್ಕದ್ದು: ಯಾವ ಕೆಲಸ ಇಷ್ಟ, ಯಾವುದು ಭಾರ, ಯಾವುದಕ್ಕೆ ಹೆದರಿಕೆ ಎಂದು ಮಗುವನ್ನೇ ಕೂರಿಸಿಕೊಂಡು ಕೇಳಬೇಕು, ಮತ್ತು ‘ಇವತ್ತು ಆಗಲ್ಲಮ್ಮ, ನಾಳೆ ಪರೀಕ್ಷೆ’ ಎಂದರೆ ಬೈಗುಳವಿಲ್ಲದೆ ಬಿಟ್ಟುಕೊಡಬೇಕು.

ಇನ್ನು ಸ್ವಲ್ಪ ದೊಡ್ಡ ಮಕ್ಕಳ ಮಾತು. ಹದಿನಾಲ್ಕು ತುಂಬಿ ಹದಿನೆಂಟರೊಳಗಿರುವವರು ದುಡಿಯಬಹುದಾದರೂ ಗಣಿ, ಸಿಡಿಮದ್ದು ಮುಂತಾದ ಅಪಾಯಕರ ಕೆಲಸಗಳು ಅವರಿಗೂ ನಿಷಿದ್ಧ. ಉಳಿದ ಕಡೆಗಳಲ್ಲಿ ವಿಶ್ರಾಂತಿಯೂ ಸೇರಿ ದಿನಕ್ಕೆ ಆರು ಗಂಟೆ ಮೀರಕೂಡದು, ರಾತ್ರಿಯ ಪಾಳಿ ಕೂಡದು.

ಉಪಾಧ್ಯಾಯರಿಗೆ ಮೊದಲು ಕಾಣುವ ಲಕ್ಷಣಗಳು ಸಣ್ಣವು: ಮೊದಲ ಪೀರಿಯಡ್ಡಿನಲ್ಲಿಯೇ ತೂಕಡಿಕೆ, ಸೋಮವಾರದ ಗೈರುಹಾಜರಿ, ಬೆರಳ ತುದಿಯ ಕೊಯ್ತ, ಸಂತೆಯ ದಿನ ಖಾಲಿಯಾಗುವ ಬೆಂಚು. ಇವನ್ನು ಕಂಡಾಗ ಮಗುವನ್ನು ತರಗತಿಯೆದುರು ಗದರಿಸದೆ ಮನೆಗೆ ಹೋಗಿ ಮಾತಾಡುವುದು ಮೇಲು. ತಿಳಿಸದೆ 30 ದಿನ ಸತತವಾಗಿ ಮಗು ಬರದಿದ್ದರೆ ಸಂಬಂಧಪಟ್ಟ ನೋಡಲ್ ಅಧಿಕಾರಿಗೆ ವರದಿ ಮಾಡುವುದು ಮುಖ್ಯೋಪಾಧ್ಯಾಯರ ಕರ್ತವ್ಯವೆಂದು 2017ರ ನಿಯಮಗಳಲ್ಲಿಯೇ ಇದೆ. ಅಷ್ಟು ಕಾಲ ಕಾಯಬೇಕೆಂದು ಅದರ ಅರ್ಥವಲ್ಲ.

ದೂರು ಕೊಟ್ಟರೆ ಬಡ ತಂದೆತಾಯಿಗಳು ಜೈಲಿಗೆ ಹೋದಾರೆಂಬ ಭಯದಿಂದ ಅನೇಕರು ಹಿಂಜರಿಯುತ್ತಾರೆ. ಮಗುವನ್ನು ದುಡಿಸಿದ ಮಾಲಿಕನಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಸೆರೆಮನೆ, ಅಥವಾ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ ಉಂಟು. ತಂದೆತಾಯಿಗಳಿಗಾದರೆ ಮೊದಲ ಸಲಕ್ಕೆ ಶಿಕ್ಷೆಯಿಲ್ಲ. ಮತ್ತೆ ಅದೇ ತಪ್ಪು ಮಾಡಿದರೆ 10,000 ರೂಪಾಯಿಯವರೆಗೆ ದಂಡ. ವಸೂಲಾದ ದಂಡವನ್ನೂ, ಅದರ ಜೊತೆಗೆ ಪ್ರತಿ ಮಗುವಿನ ಹೆಸರಿಗೆ ಸರಕಾರ ಸೇರಿಸುವ 15,000 ರೂಪಾಯಿಯನ್ನೂ ಜಿಲ್ಲೆಯ ಪುನರ್ವಸತಿ ನಿಧಿಯಲ್ಲಿಟ್ಟು ಮಗುವಿಗೆ ಉಪಯೋಗಿಸಬೇಕೆಂದು ಕಾನೂನಿದೆ. ದೂರನ್ನು ಯಾವ ವ್ಯಕ್ತಿಯಾದರೂ ಕೊಡಬಹುದು. 1098 ಸಂಖ್ಯೆಯ ಮಕ್ಕಳ ಸಹಾಯವಾಣಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಕಾರ್ಮಿಕ ನಿರೀಕ್ಷಕರ ಕಚೇರಿಗೂ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೂ ಬರೆದುಕೊಡಬಹುದು. ಕರೆ ಮಾಡುವ ಮುನ್ನ ಮಗುವನ್ನು ಕಂಡ ಸ್ಥಳ, ವೇಳೆ, ಸುಮಾರು ವಯಸ್ಸು, ಮಾಡುತ್ತಿದ್ದ ಕೆಲಸ, ಎಷ್ಟು ದಿನದಿಂದ ಕಾಣುತ್ತಿದ್ದೀರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮಾಲಿಕನೊಡನೆ ನೀವೇ ಜಗಳಕ್ಕೆ ಹೋಗಬೇಡಿ, ಹೋದರೆ ಮಗುವನ್ನು ರಾತ್ರೋರಾತ್ರಿ ಬೇರೆಡೆಗೆ ಸಾಗಿಸಿಬಿಟ್ಟಾರು. ಬಿಡುಗಡೆಯಾದ ಮಗು ಮೂರು ತಿಂಗಳಲ್ಲಿ ಮತ್ತೊಂದು ಅಂಗಡಿಯಲ್ಲಿ ಕಾಣಿಸಿಕೊಳ್ಳುವುದು ಅಪರೂಪವಲ್ಲವಾದ್ದರಿಂದ, ಅದು ಸೇರಿದ ಶಾಲೆಯನ್ನು ತಿಳಿದುಕೊಂಡು, ಆ ವರ್ಷ ಮುಗಿಯುವ ತನಕ ತಿಂಗಳಿಗೊಮ್ಮೆ ಮುಖ್ಯೋಪಾಧ್ಯಾಯರನ್ನು ಕಂಡು, ‘ಹುಡುಗಿ ಬರ್ತಿದ್ದಾಳಾ ಮೇಷ್ಟ್ರೇ?’ ಎಂದು ಕೇಳಿ ಬನ್ನಿ.